ತುಂಗಭದ್ರೆಯ ಮೇಲ್ನೀರಿನಲ್ಲಿ ಮೈಕ್ರೋಪ್ಲಾಸ್ಟಿಕ್ ಎಣಿಸುವುದು ಹೇಗೆ?

ಗಂಗಾವತಿ ಕಡೆ ಗದ್ದೆಯ ಬದುವಿನಲ್ಲಿ ಬಿದ್ದಿರುವ ಹಳೇ ಗೊಬ್ಬರದ ಚೀಲವನ್ನು ಎಂದಾದರೂ ಎತ್ತಿ ನೋಡಿದ್ದೀರಾ? ಒಂದೆರಡು ಬೇಸಿಗೆಯ ಬಿಸಿಲು ತಿಂದ ಚೀಲ ಇಡಿಯಾಗಿ ಕೈಗೆ ಬರುವುದಿಲ್ಲ. ಎಳೆ ಎಳೆಯಾಗಿ ಉದುರುತ್ತದೆ. ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತದೆ. ಮಳೆ ಬಂದಾಗ ಆ ಪುಡಿ ಬಸಿಗಾಲುವೆಗೆ ಇಳಿಯುತ್ತದೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. 5 ಮಿಲಿಮೀಟರಿಗಿಂತ ಸಣ್ಣದಾದ ಇಂಥ ಚೂರುಗಳೇ ಮೈಕ್ರೋಪ್ಲಾಸ್ಟಿಕ್. ಈ ಹೆಸರು ಎಲ್ಲರ ಬಾಯಿಗೆ ಬಂದದ್ದು 2004ರಲ್ಲಿ, ಬ್ರಿಟನ್ನಿನ ವಿಜ್ಞಾನಿ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು ಸಮುದ್ರದ ಬಗ್ಗೆ ಬರೆದ ಮೇಲೆ. ನಮಗೆ ಅದನ್ನು ನೋಡಲು ಸಮುದ್ರದ ತನಕ ಹೋಗಬೇಕಾಗಿಲ್ಲ. ಮುನಿರಾಬಾದ್, ಆನೆಗುಂದಿ, ಕಂಪ್ಲಿ, ಸಿರುಗುಪ್ಪ, ಎಲ್ಲಿ ಹೊಳೆಗೆ ಇಳಿದರೂ ಸಾಕು.

ಈ ಬರಹ ಆ ಚೂರುಗಳನ್ನು ಎಣಿಸಲು ಹೊರಟವರಿಗೆ: ಡಿಗ್ರಿ ಕಾಲೇಜಿನ ಮಕ್ಕಳು, ಮೇಷ್ಟ್ರುಗಳು, ಹೊಳೆದಂಡೆ ಊರಿನ ಯುವಕ ಸಂಘದವರು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ಲಾಸ್ಟಿಕ್ ಹುಡುಕುವುದು ಕಷ್ಟದ ಕೆಲಸವಲ್ಲ, ಬಗ್ಗಿ ನೋಡಿದಲ್ಲೆಲ್ಲ ಸಿಗುತ್ತದೆ. ಸಿಕ್ಕಿದ ಎಳೆ ಹೊಳೆಯದೋ ನಮ್ಮ ಅಂಗಿಯದೋ, ಅಷ್ಟಕ್ಕೂ ಅದು ಪ್ಲಾಸ್ಟಿಕ್ಕೇ ಹೌದೋ ಅಲ್ಲವೋ ಎಂದು ಹೇಳುವುದೇ ಕಷ್ಟ. ಕೆಲಸದ ಮುಕ್ಕಾಲು ಪಾಲು ಅಲ್ಲೇ ಇದೆ.

ಹಂತ 1: ಏನು ಕೇಳಬೇಕು ಅಂತ ತೀರ್ಮಾನಿಸಿ

"ಹೊಳೆಯಲ್ಲಿ ಎಷ್ಟು ಪ್ಲಾಸ್ಟಿಕ್ ಇದೆ" ಅನ್ನುವುದು ಪ್ರಶ್ನೆಯೇ ಅಲ್ಲ. ಅದಕ್ಕೆ ಯಾರಿಂದಲೂ ಒಂದು ದಿನದಲ್ಲಿ ಉತ್ತರ ಸಿಗದು. ಸಣ್ಣ ಪ್ರಶ್ನೆ ಕೇಳಿ. ಹುಲಿಗಿ ಘಾಟಿನ ಮೇಲ್ಗಡೆಗಿಂತ ಕೆಳಗಡೆ ಚೂರು ಜಾಸ್ತಿ ಇದೆಯಾ? ಹುಲಿಗೆಮ್ಮನ ದರ್ಶನಕ್ಕೆ ಜನ ಸೇರುವ ಮಂಗಳವಾರ, ಶುಕ್ರವಾರ, ಹುಣ್ಣಿಮೆಗೂ ಉಳಿದ ದಿನಕ್ಕೂ ವ್ಯತ್ಯಾಸ ಕಾಣುತ್ತಾ? ಊರ ಹಳ್ಳ ಹೊಳೆಗೆ ಸೇರುವ ಜಾಗದ ಹಿಂದೆ ಎಷ್ಟು, ಮುಂದೆ ಎಷ್ಟು? ಕೊಪ್ಪಳದವರಿಗೆ ಹಿರೇಹಳ್ಳ ಒಳ್ಳೆಯ ಜಾಗ. 2019ರಲ್ಲಿ ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತು, ಜನ ಹಳ್ಳಕ್ಕೇ ಇಳಿದು ಅದನ್ನು ಹಸನು ಮಾಡಿದ್ದನ್ನು ಈ ಭಾಗದವರು ಮರೆತಿಲ್ಲ.

ಪ್ರಶ್ನೆ ಗಟ್ಟಿಯಾದರೆ ಜಾಗ ತಾನಾಗೇ ಸಿಗುತ್ತದೆ. ಕಡಿಮೆ ಅಂದರೆ ಎರಡು ಜಾಗ, ಒಂದು ಮೇಲೆ, ಒಂದು ಕೆಳಗೆ. ಪ್ರತಿ ಜಾಗದಲ್ಲಿ ಮೂರು ಸಲ ಬೇರೆ ಬೇರೆಯಾಗಿ ನೀರು ಸೋಸಬೇಕು. ಒಂದೇ ಸಲ ಸೋಸಿ ಬಂದ ಸಂಖ್ಯೆಗೆ ಬೆಲೆ ಇಲ್ಲ. ಹೊಳೆಯ ಮೇಲೆ ಚೂರುಗಳು ಸಮನಾಗಿ ಹರಡಿರುವುದಿಲ್ಲ, ಗಾಳಿ ಬೀಸಿದ ಕಡೆಯ ದಡಕ್ಕೆ ಗುಂಪಾಗುತ್ತವೆ. ಒಂದು ಬಕೆಟ್‌ನಲ್ಲಿ ಹತ್ತು ಬಂದರೆ ಪಕ್ಕದ ಬಕೆಟ್‌ನಲ್ಲಿ ಒಂದೂ ಬರದೆ ಇರಬಹುದು.

ಹಂತ 2: ಕಾಲ ಮತ್ತು ಡ್ಯಾಂ

ನಮ್ಮ ಹೊಳೆ ಟಿಬಿ ಡ್ಯಾಮಿನ ಕೈಯಲ್ಲಿದೆ. ಮಲೆನಾಡಿನಲ್ಲಿ ಮಳೆ ಹಿಡಿದು ಗೇಟು ತೆಗೆದರೆ ಕಂಪ್ಲಿಯ ಸೇತುವೆಯೇ ಮುಳುಗುತ್ತದೆ. ಏಪ್ರಿಲ್‌ನಲ್ಲಿ ಅದೇ ಜಾಗದಲ್ಲಿ ಬಂಡೆಗಳ ನಡುವೆ ಮಡು ಮಾತ್ರ ಉಳಿದಿರುತ್ತದೆ. ಆಗ ಹೊಳೆಯಲ್ಲಿ ಊರಿನ ಚರಂಡಿ ನೀರಿನ ಪಾಲೇ ಜಾಸ್ತಿ. ಹಾಗಾಗಿ ಆಗಸ್ಟ್ ತಿಂಗಳ ಲೆಕ್ಕವನ್ನು ಏಪ್ರಿಲ್ ಲೆಕ್ಕದ ಪಕ್ಕ ಸುಮ್ನೆ ಇಡಬೇಡಿ. ಡ್ಯಾಮಿನಿಂದ ಅಂದು ಎಷ್ಟು ಕ್ಯೂಸೆಕ್ ಹೊಳೆಗೆ ಬಿಟ್ಟಿದ್ದಾರೆ ಎಂಬುದು ಪೇಪರಿನಲ್ಲಿ ಬರುತ್ತದೆ, ಅದನ್ನು ನೋಟ್‌ಬುಕ್ಕಿನಲ್ಲಿ ತಪ್ಪದೆ ಬರೆಯಿರಿ. 1 ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್.

ಪೇಪರಿನ ಈ ಕ್ಯೂಸೆಕ್ ಸಂಖ್ಯೆ ಲೆಕ್ಕಕ್ಕಿಂತ ಮೊದಲು ನಿಮ್ಮ ಜೀವಕ್ಕೆ ಬೇಕು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾದಾಗ ನೀರು ಹೇಗೆ ನುಗ್ಗಿತು ಎಂಬುದು ನೆನಪಿದೆ ಅಲ್ವಾ? ಹೊಳೆಗೆ ನೀರು ಬಿಡುವ ಸೂಚನೆ ಇದ್ದ ದಿನ ದಂಡೆಗೆ ಹೋಗಲೇಬೇಡಿ. ಮರಳು ತೆಗೆದ ಗುಂಡಿಗಳು ನೀರಿನ ಕೆಳಗೆ ಕಾಣುವುದಿಲ್ಲ. ತುಂಗಭದ್ರೆಯಲ್ಲೂ ರಾಯಚೂರಿನ ಕೃಷ್ಣೆಯಲ್ಲೂ ಮೊಸಳೆ ಇವೆ. ಮೊಣಕಾಲಿಗಿಂತ ಆಳಕ್ಕೆ ಯಾರೂ ಇಳಿಯಬಾರದು, ಒಬ್ಬರೇ ಹೋಗಬಾರದು, ಆ ದಡ ಬಲ್ಲ ಮೀನುಗಾರರೊಬ್ಬರು ಜೊತೆಗಿರಬೇಕು.

ಇನ್ನೊಂದು ವಿಷಯ. ಡ್ಯಾಮಿನಿಂದ ಕಂಪ್ಲಿ ಸೇತುವೆ ತನಕದ ಸುಮಾರು 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಅಲ್ಲಿ ನೀರು ಸೋಸುವ ಮೊದಲು ಅರಣ್ಯ ಇಲಾಖೆಗೆ ಕಾಲೇಜಿನ ಪತ್ರ ಕೊಟ್ಟು ಒಪ್ಪಿಗೆ ಪಡೆಯಿರಿ.

ಹಂತ 3: ಸಾಮಾನು

ಜರಡಿಗೆ ಸಾವಿರಾರು ರೂಪಾಯಿ ಹಾಕುವ ಮೊದಲು ಹತ್ತಿರದ ಪಾಲಿಟೆಕ್ನಿಕ್ ಅಥವಾ ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗಕ್ಕೆ ಹೋಗಿ ಕೇಳಿ. ಮಣ್ಣು, ಮರಳು ಜರಡಿ ಹಿಡಿಯಲು ಅವರ ಹತ್ತಿರ ಐಎಸ್ (ಭಾರತೀಯ ಮಾನಕದ ಅಳತೆಯ) ಜರಡಿಗಳ ಸೆಟ್ ಇರುತ್ತದೆ. ಅದರಲ್ಲಿ 4.75 ಮಿಲಿಮೀಟರಿನದು ಒಂದು, 300 ಮೈಕ್ರಾನಿನದು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಒಂದು ಸಿಕ್ಕರೆ ನಮ್ಮ ಕೆಲಸಕ್ಕೆ ಸರಿಯಾಗಿ ಹೊಂದುತ್ತದೆ. ಮೇಲಿನದು ಎಲೆ, ಕಡ್ಡಿ, ದೊಡ್ಡ ಕಸ ತಡೆಯುತ್ತದೆ. ಕೆಳಗಿನದು ನಮಗೆ ಬೇಕಾದ್ದನ್ನು ಹಿಡಿಯುತ್ತದೆ. ಜಗತ್ತಿನಲ್ಲಿ ಹೆಚ್ಚಿನವರು ಬಳಸುವ ಬಲೆಯ ಕಣ್ಣು 333 ಮೈಕ್ರಾನ್, ನಮ್ಮದು ಅದಕ್ಕೆ ಹತ್ತಿರ.

ಉಳಿದದ್ದು ಮನೆಯಲ್ಲೇ ಇದೆ. 10 ಲೀಟರಿನ ಸ್ಟೀಲ್ ಬಕೆಟ್, ಸ್ಟೀಲ್ ಚೊಂಬು, ಗಾಜಿನ ಉಪ್ಪಿನಕಾಯಿ ಬಾಟಲಿಗಳು, ಅಲ್ಯೂಮಿನಿಯಂ ಫಾಯಿಲ್, ಹತ್ತಿಯ ಹಗ್ಗ, ಪೆನ್ಸಿಲ್. ಬಾಟಲಿ ಮುಚ್ಚಳದ ಒಳಗೆ ಪ್ಲಾಸ್ಟಿಕ್ ಪದರ ಇರುತ್ತದೆ, ಅದಕ್ಕೆ ಬಾಯಿಗೆ ಫಾಯಿಲ್ ಹಾಕಿ ಮೇಲೆ ಮುಚ್ಚಳ ತಿರುಗಿಸಿ. ಪ್ಲಾಸ್ಟಿಕ್ ಬಕೆಟ್, ನೈಲಾನ್ ಹಗ್ಗ, ಪಾತ್ರೆ ತಿಕ್ಕುವ ಸ್ಪಾಂಜು ಹತ್ತಿರಕ್ಕೂ ಬರಬಾರದು.

ಸೋಸಿದ ನೀರನ್ನು ಮೊದಲೇ ತಯಾರು ಮಾಡಿಕೊಳ್ಳಿ. ನಲ್ಲಿ ನೀರನ್ನು ಪ್ರಯೋಗಾಲಯದ ವಾಟ್‌ಮನ್ ಫಿಲ್ಟರ್ ಪೇಪರಿನಲ್ಲಿ ಇಳಿಸಿ ಗಾಜಿನ ಬಾಟಲಿಗಳಲ್ಲಿ ತುಂಬಿಡಿ. ಜರಡಿ, ಬಕೆಟ್, ಬಾಟಲಿ ಎಲ್ಲವನ್ನೂ ಈ ನೀರಿನಲ್ಲಿ ಮೂರು ಸಲ ತೊಳೆಯಬೇಕು.

ಹಂತ 4: ಮೈಮೇಲಿನ ಬಟ್ಟೆ

ಈ ಹಂತವನ್ನು ಜನ ಹಗುರವಾಗಿ ತಗೊಳ್ಳುತ್ತಾರೆ. ನಾವೂ ಹಾಗೇ ಮಾಡಿದ್ದೆವು. ಮೊದಲ ಸಲ ಹೋದಾಗ ನಮ್ಮಲ್ಲಿ ಇಬ್ಬರು ನೀಲಿ ಟೀ ಶರ್ಟ್ ಹಾಕಿದ್ದರು, ಪಾಲಿಯೆಸ್ಟರಿನದು. ಸೂಕ್ಷ್ಮದರ್ಶಕದ ಕೆಳಗೆ ನೀಲಿ ಎಳೆಗಳು ರಾಶಿ ಕಂಡಾಗ ಎಲ್ಲರಿಗೂ ಗಾಬರಿ. ಆಮೇಲೆ ಆ ಅಂಗಿಯ ತೋಳಿನಿಂದ ಒಂದು ಎಳೆ ಕಿತ್ತು ಪಕ್ಕದಲ್ಲಿಟ್ಟು ನೋಡಿದೆವು. ಎರಡೂ ಒಂದೇ. ಎರಡು ದಿನದ ಕೆಲಸವನ್ನು ಪೂರ್ತಿ ಕೈಬಿಡಬೇಕಾಯಿತು.

ಅಂದಿನಿಂದ ನಮ್ಮ ನಿಯಮ ಇದು: ಎಲ್ಲರೂ ಹತ್ತಿ ಬಟ್ಟೆ, ಅದೂ ಎದ್ದು ಕಾಣುವ ಒಂದೇ ಬಣ್ಣ. ಕಿತ್ತಳೆ ಅಥವಾ ಗಾಢ ಗುಲಾಬಿ ಆದರೆ ಒಳ್ಳೆಯದು, ಆ ಬಣ್ಣದ ಎಳೆ ಕಂಡ ಕೂಡಲೇ ನಮ್ಮದು ಅಂತ ಗೊತ್ತಾಗುತ್ತದೆ. ಜೀನ್ಸ್ ಬೇಡ, ಲೆಗ್ಗಿಂಗ್ಸ್ ಬೇಡ, ಪಾಲಿಯೆಸ್ಟರ್ ದುಪಟ್ಟಾ ಬೇಡ. ಪ್ರಯೋಗಾಲಯದಲ್ಲೂ ಹತ್ತಿಯ ಏಪ್ರನ್, ಫ್ಯಾನ್ ಬಂದ್, ಕಿಟಕಿ ಬಂದ್. ಮೇಜನ್ನು ಒದ್ದೆ ಹತ್ತಿ ಬಟ್ಟೆಯಲ್ಲಿ ಒರೆಸಿ. ರಾಯಚೂರಿನ ಬೇಸಿಗೆಯಲ್ಲಿ ಫ್ಯಾನ್ ಇಲ್ಲದೆ ಕೂರುವುದು ಎಷ್ಟು ಕಷ್ಟ ಅಂತ ಗೊತ್ತು. ಅದಕ್ಕೇ ಎಣಿಸುವ ಕೆಲಸವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ.

ಇಷ್ಟು ಮಾಡಿದರೂ ಗಾಳಿಯಿಂದ ಒಂದಷ್ಟು ಬಿದ್ದೇ ಬೀಳುತ್ತದೆ. ಅದನ್ನು ಅಳೆಯಲು "ಖಾಲಿ ಪರೀಕ್ಷೆ" ಬೇಕು. ಮೂರು ಕಡೆ ಮಾಡಿ. ಹೊಳೆದಂಡೆಯಲ್ಲಿ ನೀವು ನೀರು ಸೋಸುವಷ್ಟು ಹೊತ್ತು ಸೋಸಿದ ನೀರಿನ ಒಂದು ಬಾಟಲಿಯನ್ನು ತೆರೆದಿಡಿ. ಇನ್ನೊಂದು 10 ಲೀಟರ್ ಸೋಸಿದ ನೀರನ್ನು ಅದೇ ಬಕೆಟ್, ಅದೇ ಜರಡಿಯಲ್ಲಿ ಹಾಯಿಸಿ, ಹೊಳೆ ನೀರಿಗೆ ಮಾಡುವ ಎಲ್ಲ ಕೆಲಸವನ್ನೂ ಅದಕ್ಕೂ ಮಾಡಿ. ಮೂರನೆಯದು, ಸೂಕ್ಷ್ಮದರ್ಶಕದ ಪಕ್ಕದಲ್ಲಿ ಒದ್ದೆ ಫಿಲ್ಟರ್ ಪೇಪರ್ ಇಟ್ಟ ತೆರೆದ ಗಾಜಿನ ತಟ್ಟೆ. ಈ ಮೂರರಲ್ಲಿ ಕಂಡದ್ದು ಹೊಳೆಯದಲ್ಲ.

ಹಂತ 5: ನೀರು ಸೋಸುವುದು

ನೀರಿನ ಹರಿವಿಗೆ ಎದುರಾಗಿ ನಿಂತುಕೊಳ್ಳಿ. ಬಕೆಟ್ಟನ್ನು ನಿಮ್ಮ ಮುಂದೆ, ಕೈ ಚಾಚಿದಷ್ಟು ದೂರದಲ್ಲಿ ಅದ್ದಿ. ಮೇಲಿನ 15 ಸೆಂಟಿಮೀಟರ್ ನೀರು ಮಾತ್ರ ಬರುವಂತೆ ಬಕೆಟ್ಟನ್ನು ಓರೆಯಾಗಿ ಹಿಡಿಯಿರಿ. ತಳದ ಕೆಸರು ಕದಡಿದರೆ ಆ ಬಕೆಟ್ ಚೆಲ್ಲಿ, ನೀರು ತಿಳಿಯಾಗುವ ತನಕ ಕಾಯಿರಿ. ಹೀಗೆ ಒಂದು ಸಲಕ್ಕೆ 30 ಬಕೆಟ್, ಅಂದರೆ 300 ಲೀಟರ್ ನೀರನ್ನು ಒಂದರ ಮೇಲೊಂದು ಇಟ್ಟ ಜರಡಿಗಳಿಗೆ ಸುರಿಯಿರಿ. ಎಣಿಕೆ ತಪ್ಪದಿರಲು ಒಬ್ಬರು ದಡದಲ್ಲಿ ಕೂತು ಗೆರೆ ಹಾಕುತ್ತಿರಲಿ.

ಹರಿಗೋಲಿನಲ್ಲಿ ಹೋಗುವುದಾದರೆ ಒಂದು ಎಚ್ಚರ. ಈಗಿನ ಹರಿಗೋಲಿಗೆ ಬಿದಿರಿನ ಹೊರಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಡಾಂಬರು ಬಳಿದಿರುತ್ತಾರೆ, ಕೆಲವು ಪೂರ್ತಿ ಫೈಬರಿನವು. ನೀರು ಬರುವ ಕಡೆಯಿಂದಲೇ ಅದ್ದಿ. ಹರಿಗೋಲಿನ ಹೊರಮೈಯಿಂದ ಒಂದು ಚೂರು ಕೆತ್ತಿ ಬೇರೆ ಬಾಟಲಿಯಲ್ಲಿ ಇಟ್ಟುಕೊಂಡರೆ ಆಮೇಲೆ ಹೋಲಿಸಿ ನೋಡಬಹುದು.

ಡ್ಯಾಮಿನ ನೀರು ಕೆಲವು ವರ್ಷ ಪಾಚಿಯಿಂದ ಹಸಿರಾಗುತ್ತದೆ. ಆಗ 300 ಮೈಕ್ರಾನ್ ಜರಡಿ ಐದಾರು ಬಕೆಟ್ಟಿಗೇ ಕಟ್ಟಿಕೊಳ್ಳುತ್ತದೆ. ಕೈಯಿಂದ ಉಜ್ಜಬೇಡಿ. ನಿಲ್ಲಿಸಿ, ಜರಡಿಯನ್ನು ಬೋರಲು ಹಿಡಿದು ಹಿಂಬದಿಯಿಂದ ಸೋಸಿದ ನೀರು ಹಾಕಿ, ಸಿಕ್ಕಿದ್ದೆಲ್ಲ ಗಾಜಿನ ಬಾಟಲಿಗೆ ಇಳಿಯುವಂತೆ ತೊಳೆಯಿರಿ. ಮತ್ತೆ ಮುಂದುವರಿಸಿ. ಬಾಟಲಿಯ ಮೇಲೆ ಪೆನ್ಸಿಲಿನಲ್ಲಿ ಬರೆದ ಚೀಟಿ ಹಚ್ಚಿ: ಜಾಗ, ದಿನ, ಹೊತ್ತು, ಎಷ್ಟನೇ ಸಲ, ಎಷ್ಟು ಲೀಟರ್.

ಮಾಂಟಾ ಬಲೆ, ಅಂದರೆ ನೀರಿನ ಮೇಲೆ ತೇಲುತ್ತಾ ಮೇಲ್ನೀರನ್ನು ಸೋಸುವ ಬಲೆ, ಸಿಕ್ಕರೆ ಇನ್ನೂ ಹೆಚ್ಚು ನೀರು ಸೋಸಬಹುದು. ಆಗ ನೀರಿನ ವೇಗ ಗೊತ್ತಿರಬೇಕು. ದಂಡೆಯ ಮೇಲೆ 20 ಮೀಟರ್ ಗುರುತು ಮಾಡಿ, ಒಂದು ತೆಂಗಿನಕಾಯಿ ತೇಲಿಬಿಡಿ. ಕಾಯಿಯ ಬಹುಪಾಲು ನೀರೊಳಗೇ ಇರುವುದರಿಂದ ಗಾಳಿ ಅದನ್ನು ಅಷ್ಟಾಗಿ ತಳ್ಳುವುದಿಲ್ಲ. 40 ಸೆಕೆಂಡ್ ಹಿಡಿದರೆ ವೇಗ ಸೆಕೆಂಡಿಗೆ 0.5 ಮೀಟರ್. ಬಲೆಯ ಬಾಯಿ 60 ಸೆಂ.ಮೀ. ಅಗಲ, ನೀರಲ್ಲಿ ಮುಳುಗಿದ್ದು 15 ಸೆಂ.ಮೀ. ಇದ್ದು, 20 ನಿಮಿಷ ಹಿಡಿದರೆ 0.6 × 0.15 × 0.5 × 1200 = 54 ಘನ ಮೀಟರ್ ನೀರು. ಪ್ರಾಣಿಶಾಸ್ತ್ರ ವಿಭಾಗದವರು ನೀರಿನ ಸಣ್ಣ ಜೀವಿಗಳನ್ನು ಹಿಡಿಯುವ ಪ್ಲಾಂಕ್ಟನ್ ಬಲೆ ಬೇಡ. ಅದರ ಕಣ್ಣು ತೀರಾ ಸಣ್ಣದು, ಬಲೆಯೇ ನೈಲಾನಿನದು.

ಹಂತ 6: ಪಾಚಿ, ಕಡ್ಡಿ ಕರಗಿಸುವುದು

ಈ ಕೆಲಸ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ, ಮೇಷ್ಟ್ರ ಎದುರಿಗೇ ಆಗಬೇಕು. ಬಾಟಲಿಯಲ್ಲಿರುವುದನ್ನು ಮತ್ತೆ 300 ಮೈಕ್ರಾನ್ ಜರಡಿಗೆ ಹಾಕಿ, ಉಳಿದ ಗಸಿಯನ್ನು ಗಾಜಿನ ಬೀಕರಿಗೆ ಇಳಿಸಿ. ಅದು ಮುಳುಗುವಷ್ಟು 30% ಹೈಡ್ರೋಜನ್ ಪೆರಾಕ್ಸೈಡ್ ಹಾಕಿ, ಫಾಯಿಲ್ ಸಡಿಲವಾಗಿ ಮುಚ್ಚಿ, 50 ಡಿಗ್ರಿಯ ಬಿಸಿನೀರಿನಲ್ಲಿ ಒಂದು ದಿನ ಇಡಿ. 60 ಡಿಗ್ರಿ ದಾಟಬೇಡಿ, ಕೆಲವು ಪ್ಲಾಸ್ಟಿಕ್ ರೂಪ ಕೆಡುತ್ತದೆ. ನೊರೆ ನಿಲ್ಲದಿದ್ದರೆ ಇನ್ನಷ್ಟು ಹಾಕಿ ಇನ್ನೊಂದು ದಿನ ಬಿಡಿ. ಚರ್ಮಕ್ಕೆ ತಾಗಿದರೆ ಸುಡುತ್ತದೆ, ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬಾರದು. ಕಬ್ಬಿಣದ ಲವಣ ಸೇರಿಸಿ ಬೇಗ ಮುಗಿಸುವ ಕ್ರಮವೂ ಇದೆ. ಅದು ಉಕ್ಕಿ ಹೊರಗೆ ಸಿಡಿಯುತ್ತದೆ, ಮಕ್ಕಳ ಕೈಗೆ ಕೊಡುವಂಥದ್ದಲ್ಲ.

ಹಂತ 7: ಉಪ್ಪು ನೀರು (ಮರಳು ಇದ್ದರೆ ಮಾತ್ರ)

ಬೇಸಿಗೆಯ ತಿಳಿನೀರಿಗೆ ಇದು ಬೇಡವೇ ಬೇಡ, ಪೆರಾಕ್ಸೈಡಿನಲ್ಲಿ ಕರಗದೆ ಉಳಿದದ್ದನ್ನು ನೇರವಾಗಿ ಫಿಲ್ಟರ್ ಪೇಪರಿಗೆ ಇಳಿಸಿ. ಹೊಸ ನೀರಿನ ಕಾಲದಲ್ಲಿ ಮಣ್ಣು, ಮರಳು ಸೇರಿದ್ದರೆ ಮಾತ್ರ ಮಾಡಿ. ಲೀಟರ್ ನೀರಿಗೆ 360 ಗ್ರಾಂ ಅಡುಗೆ ಉಪ್ಪು ಕರಗಿಸಿದರೆ ನೀರಿನ ಸಾಂದ್ರತೆ ಸುಮಾರು 1.2 ಆಗುತ್ತದೆ (ಹೊಳೆ ನೀರಿನದು ಸುಮಾರು 1). ಇದನ್ನೂ ಬಳಸುವ ಮೊದಲು ಫಿಲ್ಟರ್ ಪೇಪರಿನಲ್ಲಿ ಸೋಸಬೇಕು. ನಮ್ಮ ದೇಶದ ಸಮುದ್ರದ ಉಪ್ಪಿನಲ್ಲೇ ಮೈಕ್ರೋಪ್ಲಾಸ್ಟಿಕ್ ಇರುವುದನ್ನು ಐಐಟಿ ಬಾಂಬೆಯವರು 2018ರಲ್ಲಿ ತೋರಿಸಿದ್ದಾರೆ. ಎತ್ತರದ ಗಾಜಿನ ಜಾಡಿಯಲ್ಲಿ ಗಸಿಯ ಜೊತೆ ಉಪ್ಪು ನೀರು ಹಾಕಿ ಕಲಕಿ, ಮುಚ್ಚಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೇಲೆ ತೇಲಿದ್ದನ್ನು ಫಿಲ್ಟರ್ ಪೇಪರಿಗೆ ಇಳಿಸಿ.

ಇಲ್ಲೊಂದು ಮೋಸ ಅಡಗಿದೆ. ಚೀಲದ ಪಾಲಿಪ್ರೊಪಿಲೀನ್ (0.9), ಕ್ಯಾರಿ ಬ್ಯಾಗಿನ ಪಾಲಿಥೀನ್ (0.91 ರಿಂದ 0.97) ಎರಡೂ ಹೊಳೆ ನೀರಿನಲ್ಲೇ ತೇಲುತ್ತವೆ. ಮೀನಿನ ಬಲೆಯ ನೈಲಾನ್ (1.14ರ ಆಸುಪಾಸು) ಹೊಳೆಯಲ್ಲಿ ಮುಳುಗುತ್ತದೆ, ಉಪ್ಪು ನೀರಿನಲ್ಲಿ ತೇಲುತ್ತದೆ. ಆದರೆ ಸೀರೆ, ಅಂಗಿಯ ಪಾಲಿಯೆಸ್ಟರ್ (1.38) ಉಪ್ಪು ನೀರಿನಲ್ಲೂ ಮುಳುಗುತ್ತದೆ. ಬಟ್ಟೆ ಒಗೆಯುವ ಘಾಟಿನ ನೀರು ತಂದು ತಳದ ಗಸಿಯನ್ನು ಚೆಲ್ಲಿಬಿಟ್ಟರೆ ನೀವು ಹುಡುಕುತ್ತಿದ್ದದ್ದನ್ನೇ ಚೆಲ್ಲಿದ ಹಾಗೆ. ತಳವನ್ನೂ ನೋಡಿ.

ಹಂತ 8: ನೋಡುವುದು, ಎಣಿಸುವುದು

40 ಪಟ್ಟು ದೊಡ್ಡದು ಮಾಡಿ ತೋರಿಸುವ ಸೂಕ್ಷ್ಮದರ್ಶಕ ಸಾಕು. ಫಿಲ್ಟರ್ ಪೇಪರಿನ ಮೇಲೆ ಪೆನ್ಸಿಲಿನಲ್ಲಿ ಮೊದಲೇ ಚೌಕ ಹಾಕಿರಿ. ಎಡದಿಂದ ಬಲಕ್ಕೆ, ಸಾಲು ಸಾಲಾಗಿ ನೋಡುತ್ತಾ ಹೋಗಿ. ಎಳೆ, ಒಡೆದ ಚೂರು, ತೆಳು ಹಾಳೆ, ಥರ್ಮೊಕೋಲ್ ಪುಡಿ, ಗುಂಡು, ಹೀಗೆ ಆಕಾರ ಮತ್ತು ಬಣ್ಣ ಬರೆದುಕೊಳ್ಳಿ. ಪ್ಲಾಸ್ಟಿಕ್ ಎಳೆ ಉದ್ದಕ್ಕೂ ಒಂದೇ ದಪ್ಪ ಇರುತ್ತದೆ. ಜೀವಕೋಶದ ಗೂಡು ಕಂಡರೆ ಅದು ಗಿಡದ್ದು.

ಪುಸ್ತಕದಲ್ಲಿ ಇಷ್ಟೇ ಇರುತ್ತದೆ. ನಮ್ಮ ಕಡೆಯ ನೀರಿಗೆ ಇದು ಸಾಲದು, ಯಾಕೆಂದರೆ ಇಲ್ಲಿ ಪ್ಲಾಸ್ಟಿಕ್ಕಿನಂತೆ ಕಾಣುವ ವಸ್ತುಗಳು ತುಂಬಾ ಇವೆ.

ಮೊದಲನೆಯದು ಭತ್ತದ ಹೊಟ್ಟು. ಗಂಗಾವತಿ, ಸಿಂಧನೂರು, ಕಾರಟಗಿ ಎಲ್ಲ ರೈಸ್ ಮಿಲ್ಲಿನ ಊರುಗಳು. ಹೊಟ್ಟಿನಲ್ಲಿ ಸಿಲಿಕಾ ಇರುವುದರಿಂದ ಪೆರಾಕ್ಸೈಡಿಗೆ ಅದು ಪೂರ್ತಿ ಕರಗುವುದಿಲ್ಲ. ಹೊಂಬಣ್ಣದಲ್ಲಿ ಹೊಳೆಯುತ್ತಾ ಪ್ಲಾಸ್ಟಿಕ್ ಹಾಳೆಯಂತೆಯೇ ಕಾಣುತ್ತದೆ. ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ, ಮೈಮೇಲೆ ಸಾಲಾಗಿ ಸಣ್ಣ ಗುಬುಟು ಕಾಣುತ್ತವೆ. ಪ್ಲಾಸ್ಟಿಕ್ಕಿಗೆ ಆ ಸಾಲು ಇರುವುದಿಲ್ಲ.

ಎರಡನೆಯದು ಹಾರುಬೂದಿ. ರಾಯಚೂರಿನವರು ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಇರುವ ಶಕ್ತಿನಗರದ ಹತ್ತಿರ ಕೃಷ್ಣೆಯ ನೀರು ತಂದರೆ ಇದನ್ನು ನೆನಪಿಡಿ. ಕಲ್ಲಿದ್ದಲು ಉರಿದಾಗ ಬೂದಿಯಲ್ಲಿ ಒಳಗೆ ಟೊಳ್ಳಾದ ಗಾಜಿನಂಥ ಗುಂಡುಗಳು ಹುಟ್ಟುತ್ತವೆ. ಟೊಳ್ಳಾದ್ದರಿಂದ ನೀರ ಮೇಲೆ ತೇಲುತ್ತವೆ. ಬಿಳಿ, ಬೂದು ಬಣ್ಣದ ನುಣುಪು ಗುಂಡು ಕಂಡ ತಕ್ಷಣ ಪ್ಲಾಸ್ಟಿಕ್ ಮಣಿ ಅಂತ ಬರೆಯಬೇಡಿ. ಸೂಜಿಯಲ್ಲಿ ಒತ್ತಿದರೆ ಬೂದಿಯ ಗುಂಡು ಪಟ್ಟನೆ ಒಡೆಯುತ್ತದೆ.

ಕಪ್ಪು ಪುಡಿ ಇನ್ನೊಂದು ತಲೆನೋವು. ಬಳ್ಳಾರಿ, ಕೊಪ್ಪಳ ಎರಡೂ ಕಡೆ ಅದಿರಿನ ದೂಳು, ಕಾರ್ಖಾನೆಯ ಮಸಿ ಇದೆ. ಒಂದು ಬಲವಾದ ಆಯಸ್ಕಾಂತ ಹತ್ತಿರ ತನ್ನಿ, ಕಬ್ಬಿಣದ ಅಂಶ ಜಾಸ್ತಿ ಇರುವ ಕಣಗಳು ಅಲುಗಾಡುತ್ತವೆ. ಮಸಿ ಒತ್ತಿದರೆ ಪುಡಿಯಾಗುತ್ತದೆ. ಒತ್ತಿದರೆ ತಗ್ಗಿ ಮತ್ತೆ ಉಬ್ಬುವ ಕಪ್ಪು ಕಣ ಟೈರಿನದ್ದಾಗಿರಬಹುದು, ಅದನ್ನು ಬೇರೆ ಸಾಲಿನಲ್ಲಿ ಬರೆಯಿರಿ.

ಇನ್ನು ನೀಲಿ ಎಳೆ. ಬಳ್ಳಾರಿ ಎಂದರೆ ಜೀನ್ಸ್. ಹೊಲಿಯುವ ಮನೆಗಳು, ಒಗೆಯುವ ಘಟಕಗಳು ಎಷ್ಟಿವೆ ಅಂತ ಊರಿನವರಿಗೆ ಗೊತ್ತು. ಜೀನ್ಸಿನ ನೀಲಿ ನೂಲು ಸಾಮಾನ್ಯವಾಗಿ ಇಂಡಿಗೊ ಬಣ್ಣ ಕೊಟ್ಟ ಹತ್ತಿ. ಹಿಗ್ಗುವ ಜೀನ್ಸಿನಲ್ಲಿ ಜೊತೆಗೆ ಇಲಾಸ್ಟೇನ್, ಪಾಲಿಯೆಸ್ಟರ್ ಇರುತ್ತದೆ. ಅಂದರೆ ಹೊಳೆಯಲ್ಲಿ ಸಿಕ್ಕ ನೀಲಿ ಎಳೆಗಳನ್ನೆಲ್ಲ ಪ್ಲಾಸ್ಟಿಕ್ ಎಂದು ಬರೆದರೆ ಲೆಕ್ಕ ಹುಸಿಯಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಹತ್ತಿ ಚಪ್ಪಟೆ ರಿಬ್ಬನ್ನಿನಂತೆ ಅಲ್ಲಲ್ಲಿ ತಿರುಚಿಕೊಂಡಿರುತ್ತದೆ. ಪಾಲಿಯೆಸ್ಟರ್ ನುಣುಪಾದ ಕಡ್ಡಿಯಂತೆ ಕಾಣುತ್ತದೆ.

ಅನುಮಾನ ಉಳಿದರೆ ಬಿಸಿ ಸೂಜಿ. ಸೂಜಿಯ ತುದಿಯನ್ನು ದೀಪದಲ್ಲಿ ಕೆಂಪಗೆ ಕಾಯಿಸಿ, ಎಳೆಯ ಹತ್ತಿರ ತನ್ನಿ. ಪಾಲಿಯೆಸ್ಟರ್, ನೈಲಾನ್, ಪಾಲಿಥೀನ್ ಮುದುಡಿ ಕರಗುತ್ತವೆ. ಹತ್ತಿ ಕರಕಲಾಗುತ್ತದೆ, ಕರಗುವುದಿಲ್ಲ. ಹೊಟ್ಟು ಕಪ್ಪಾಗುತ್ತದೆ. ಬೂದಿಯ ಗುಂಡಿಗೆ ಏನೂ ಆಗುವುದಿಲ್ಲ. ಟೈರಿನ ರಬ್ಬರ್ ಕೂಡ ಕರಗುವುದಿಲ್ಲ, ಅದಕ್ಕೇ ಬೇರೆ ಸಾಲು.

ಸೂಕ್ಷ್ಮದರ್ಶಕ, ಸೂಜಿ ಇಷ್ಟರಲ್ಲೇ ಮುಗಿಸಿದರೆ "ಶಂಕಿತ ಮೈಕ್ರೋಪ್ಲಾಸ್ಟಿಕ್" ಎಂದೇ ಬರೆಯಿರಿ. ಅರ್ಧ ಮಿಲಿಮೀಟರಿಗಿಂತ ಸಣ್ಣ ಚೂರಿನಲ್ಲಿ ಕಣ್ಣು ತುಂಬಾ ತಪ್ಪುತ್ತದೆ. ಯಾವ ಪ್ಲಾಸ್ಟಿಕ್ ಎಂದು ಖಚಿತವಾಗಿ ಹೇಳುವುದು ಎಫ್‌ಟಿಐಆರ್ ಅಥವಾ ರಾಮನ್ ಯಂತ್ರ, ಚೂರಿನ ಮೇಲೆ ಬೆಳಕು ಬಿಟ್ಟು ಅದು ಯಾವ ವಸ್ತು ಎಂದು ಗುರುತಿಸುವ ಯಂತ್ರಗಳು ಇವು. ಬಳ್ಳಾರಿಯ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳಿಗೆ ಕಾಲೇಜಿನ ಮೂಲಕ ಪತ್ರ ಬರೆದು ವಿಚಾರಿಸಿ. ಎಲ್ಲ ಚೂರು ಕೊಡಬೇಕಾಗಿಲ್ಲ, ಪ್ರತಿ ಆಕಾರದಿಂದ ಕೆಲವನ್ನು ಆರಿಸಿ ಕೊಟ್ಟರೂ ನಿಮ್ಮ ಕಣ್ಣು ಎಷ್ಟು ಸರಿ ಎಂದು ತಿಳಿಯುತ್ತದೆ.

ಹಂತ 9: ಲೆಕ್ಕ

300 ಲೀಟರ್ ಎಂದರೆ 0.3 ಘನ ಮೀಟರ್. ಹೊಳೆ ನೀರಿನಲ್ಲಿ 21 ಚೂರು, ಖಾಲಿ ಪರೀಕ್ಷೆಯಲ್ಲಿ ಅದೇ ಬಣ್ಣ, ಅದೇ ಆಕಾರದ 4 ಎಳೆ ಸಿಕ್ಕವು ಅಂತ ಇಟ್ಟುಕೊಳ್ಳಿ. 21ರಲ್ಲಿ 4 ಕಳೆದರೆ 17. ಅದನ್ನು 0.3ರಿಂದ ಭಾಗಿಸಿದರೆ ಘನ ಮೀಟರಿಗೆ ಸುಮಾರು 57. ಅದೇ ಹೊಳೆ ನೀರಿನಲ್ಲಿ 6, ಖಾಲಿಯಲ್ಲಿ 4 ಬಂದರೆ ಏನೂ ಹೇಳಲು ಬರುವುದಿಲ್ಲ. "ಹೇಳಲಾಗದು" ಎಂದು ಬರೆಯುವುದು ಸೋಲಲ್ಲ.

ನಿಮ್ಮ ಕೈ ಎಷ್ಟು ಚೂರು ಕಳೆದುಕೊಳ್ಳುತ್ತದೆ ಎಂಬುದನ್ನೂ ಒಮ್ಮೆ ಪರೀಕ್ಷಿಸಿ. ಕೆಂಪು ಮುಚ್ಚಳ ಒಂದನ್ನು ಕತ್ತರಿಸಿ ಸುಮಾರು ಒಂದು ಮಿಲಿಮೀಟರಿನ 20 ಚೂರು ಮಾಡಿ. ಸೋಸಿದ ನೀರಿನ ಬಕೆಟ್ಟಿಗೆ ಹಾಕಿ ಎಲ್ಲ ಹಂತವನ್ನೂ ಮಾಡಿ. ಕೊನೆಗೆ 16 ಸಿಕ್ಕರೆ ನಿಮ್ಮ ಕ್ರಮ ಹಿಡಿದದ್ದು 80%.

ಈ ಸಂಖ್ಯೆಯನ್ನು ಡ್ಯಾಮಿನ ಕ್ಯೂಸೆಕ್ಕಿಗೆ ಗುಣಿಸಿ "ದಿನಕ್ಕೆ ಹೊಳೆಯಲ್ಲಿ ಇಷ್ಟು ಕೋಟಿ ಚೂರು" ಎಂದು ಮಾತ್ರ ಬರೆಯಬೇಡಿ. ನೀವು ನೋಡಿದ್ದು ಮೇಲಿನ ಒಂದು ಗೇಣು ನೀರು, ಕೆಳಗಿನದ್ದನ್ನು ನೋಡಿಲ್ಲ. ಹಾಗೇ ಒಂದು ಲೀಟರ್ ಬಾಟಲಿಯಲ್ಲಿ ನೀರು ತಂದು ತೀರಾ ಸಣ್ಣ ರಂಧ್ರದ ಪೇಪರಿನಲ್ಲಿ ಸೋಸಿದವರ ಸಂಖ್ಯೆಗೂ ನಿಮ್ಮದಕ್ಕೂ ಹೋಲಿಕೆ ಮಾಡಬೇಡಿ. ಅವರದು ಜಾಸ್ತಿ ಬಂದೇ ಬರುತ್ತದೆ, ಯಾಕೆಂದರೆ ನಮ್ಮ ಜರಡಿಯಲ್ಲಿ ಜಾರಿಹೋಗುವ ಎಳೆಗಳು ಅವರಿಗೆ ಸಿಗುತ್ತವೆ.

ಆಕಾರದ ಪಟ್ಟಿ ಮಾತ್ರ ಊರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ತೆಳು ಹಾಳೆಯ ಚೂರು ಜಾಸ್ತಿ ಇದ್ದರೆ ಕ್ಯಾರಿ ಬ್ಯಾಗಿನ ಮಾತನ್ನು ಪಂಚಾಯಿತಿ ಮುಂದೆ ಎತ್ತಬಹುದು. ಕರ್ನಾಟಕದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧ ಬಂದಿದೆ, ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ಸಾಮಾನುಗಳಿಗೆ 2022ರ ಜುಲೈ 1ರಿಂದ ದೇಶಕ್ಕೆಲ್ಲ ನಿಷೇಧವಿದೆ. ಚಪ್ಪಟೆ ಬಿಳಿ ಪಟ್ಟಿಗಳು ಜಾಸ್ತಿ ಬಂದರೆ ಅವು ಗೊಬ್ಬರ, ಅಕ್ಕಿ ಚೀಲದವು. ಆಗ ಮಾತಾಡಬೇಕಾದದ್ದು ರೈತರ ಜೊತೆ, ಖಾಲಿ ಚೀಲವನ್ನು ಬದುವಿನಲ್ಲಿ ಬಿಡದೆ ಎಲ್ಲಿ ಕೊಡಬೇಕು ಎಂಬುದರ ಬಗ್ಗೆ. ಹಸಿರು, ಬಣ್ಣವಿಲ್ಲದ ದಪ್ಪ ಎಳೆ ಬಂದರೆ ಬಂಡೆಗೆ ಸಿಕ್ಕಿ ಹರಿದ ಬಲೆಗಳನ್ನು ಮೀನುಗಾರರೊಡನೆ ಹೋಗಿ ಹುಡುಕಬೇಕು.

ಹಂತ 10: ತೆಗೆದಿಡುವುದು

ಎಣಿಸಿದ ಫಿಲ್ಟರ್ ಪೇಪರುಗಳನ್ನು ಎಸೆಯಬೇಡಿ. ಒಣಗಿಸಿ, ಗಾಜಿನ ತಟ್ಟೆಯಲ್ಲಿಟ್ಟು, ಫಾಯಿಲ್ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿ ಇಡಿ. ಖಾಲಿ ಪರೀಕ್ಷೆಯ ಪೇಪರುಗಳೂ ಅದೇ ಡಬ್ಬಿಯಲ್ಲಿರಲಿ. ನೋಟ್‌ಬುಕ್ಕಿನಲ್ಲಿ ಜರಡಿಯ ಕಣ್ಣಿನ ಅಳತೆ, ಲೀಟರ್, ಗಾಳಿಯ ದಿಕ್ಕು, ಕ್ಯೂಸೆಕ್, ಯಾರು ಯಾವ ಬಣ್ಣದ ಬಟ್ಟೆ ಹಾಕಿದ್ದರು, ಎಣಿಸಿದವರು ಯಾರು, ಎರಡನೇ ಸಲ ಎಣಿಸಿದವರು ಯಾರು, ಎಲ್ಲ ಇರಬೇಕು. ಇಬ್ಬರ ಎಣಿಕೆ ಬೇರೆ ಬಂದರೆ ಎರಡನ್ನೂ ಬರೆಯಿರಿ. ಮುಂದಿನ ವರ್ಷದ ಮಕ್ಕಳು ಅದೇ ಮೆಟ್ಟಿಲಿಗೆ, ಅದೇ ತಿಂಗಳಲ್ಲಿ, ಅದೇ ಜರಡಿ ಹಿಡಿದು ಹೋಗುವಾಗ ಅವರಿಗೆ ಈ ಪುಸ್ತಕ ಬೇಕಾಗುತ್ತದೆ.